15 ಸಾವಿರದೊಳಗಿನ ಏರ್ ರೈಫಲ್: ಸೆಮಿ ಆಟೋಮ್ಯಾಟಿಕ್ ಹುಡುಕುವವರು ಮೊದಲು ಇದನ್ನು ಓದಿ

"ಅಣ್ಣಾ, ಕಡಿಮೆ ರೇಟಲ್ಲಿ ಒಳ್ಳೆ ಸೆಮಿ ಆಟೋಮ್ಯಾಟಿಕ್ ರೈಫಲ್ ಯಾವುದಿದೆ?" ನನ್ನ ಹತ್ತಿರ ಏರ್ ರೈಫಲ್ ಇದೆ ಅಂತ ಗೊತ್ತಾದ ಕೂಡಲೇ ತುಮಕೂರು, ಗುಬ್ಬಿ ಕಡೆಯ ಹುಡುಗರು ಕೇಳುವ ಮೊದಲ ಪ್ರಶ್ನೆ ಇದೇ. ಎಲ್ಲರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ, ಹಾಗಾಗಿ ಬರೆದೇ ಬಿಡುತ್ತೇನೆ. ಇದು ಭಾರತದಲ್ಲೇ ತಯಾರಾದ, 15 ಸಾವಿರ ರೂಪಾಯಿಯೊಳಗೆ ಸಿಗುವ ಸ್ಪ್ರಿಂಗ್ ಏರ್ ರೈಫಲ್ ಬಗ್ಗೆ ರಿವ್ಯೂ, ಅಂದರೆ ಮದ್ದಿಲ್ಲದೆ, ಸ್ಪ್ರಿಂಗ್ ಒತ್ತುವ ಗಾಳಿಯಲ್ಲೇ ಪೆಲೆಟ್ ಅನ್ನೋ ಸೀಸದ ಪುಟ್ಟ ಗುಂಡು ಹಾರಿಸುವ ಗನ್ನು. ಜೊತೆಗೆ ಸೆಮಿ ಆಟೋಮ್ಯಾಟಿಕ್ ಆಸೆ ಯಾಕೆ ಬಿಡಬೇಕು, ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ ಯಾಕೆ ಅಂತಲೂ ಹೇಳುತ್ತೇನೆ.

ಈ ಆಸೆ ಎಲ್ಲಿಂದ ಬಂತು ಅಂತ ಗೊತ್ತೇ ಇದೆ. ಯೂಟ್ಯೂಬಿನಲ್ಲಿ ಅಮೆರಿಕದವನೊಬ್ಬ ರುಗರ್ 10/22 ಹಿಡಿದು ತನ್ನ ಮನೆ ಹಿತ್ತಲಲ್ಲಿ ಡಬ್ಬ ಉರುಳಿಸುತ್ತಾ ಇರುತ್ತಾನೆ. ಟ್ರಿಗರ್ ಒತ್ತಿದಷ್ಟು ಸಲ ಗುಂಡು, ಮಧ್ಯೆ ಮುಂದಿನ ಗುಂಡು ತುಂಬೋಕೆ ಕೈಯಲ್ಲಿ ಬೋಲ್ಟ್ ಅನ್ನೋ ಹಿಡಿ ಎಳೆಯುವ ಕೆಲಸ ಇಲ್ಲ, ಸೆಮಿ ಆಟೋಮ್ಯಾಟಿಕ್ ಅಂದರೆ ಇದೇ. ಆ ರೈಫಲ್ 1964ರಿಂದ ಮಾರಾಟದಲ್ಲಿದೆ, .22 ಇಂಚಿನ ಗುಂಡು, 10 ಗುಂಡು ಹಿಡಿಸುವ, ಒಳಗೇ ಸುತ್ತುವ ಮ್ಯಾಗಜಿನ್ (ಗುಂಡಿನ ಡಬ್ಬಿ). ಅದಕ್ಕೂ ಹಿಂದೆ, 1960ರಿಂದ ಮಾರ್ಲಿನ್ ಮಾಡೆಲ್ 60 ಇತ್ತು, ನಳಿಗೆಯ ಕೆಳಗಿನ ಕೊಳವೆಯಲ್ಲಿ ಗುಂಡು ತುಂಬುವಂಥದ್ದು. ಅಲ್ಲಿ ಇವು ಶುರು ಮಾಡುವವರ ಅಗ್ಗದ ರೈಫಲ್‌ಗಳು. ಅಪ್ಪ ಮಗನಿಗೆ ಹುಟ್ಟುಹಬ್ಬಕ್ಕೆ ಕೊಡಿಸುತ್ತಾನೆ. ನೋಡೋಕೆ ಚೆನ್ನಾಗಿದೆ, ಒಪ್ಪಿಕೊಳ್ಳೋಣ. ಆದರೆ ಆ ವಿಡಿಯೋದ ಕೆಳಗೆ "ಇಂಡಿಯಾದಲ್ಲಿ ಎಷ್ಟು ಬೀಳುತ್ತೆ" ಅಂತ ಕಮೆಂಟ್ ಹಾಕೋದು ಸುಮ್ನೆ ಟೈಮ್ ವೇಸ್ಟ್.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಅದರ ಕೆಳಗೆ 2016ರ ನಿಯಮಗಳಿವೆ. ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳು ಅದರಲ್ಲಿ ನಿರ್ಬಂಧದ ಗುಂಪಿಗೆ ಬರುತ್ತವೆ. ಸಾಮಾನ್ಯ ಕೋವಿ ಲೈಸನ್ಸ್ ಇರುವ ರೈತನ ಕೈಗೆ ಬರೋದು ಒಂಟಿ ನಳಿಗೆ, ಜೋಡಿ ನಳಿಗೆ ಕೋವಿ, ಇಲ್ಲವೇ .315ರಂಥ ಬೋಲ್ಟ್ ರೈಫಲ್. ಹೊರದೇಶದ ಗನ್ನನ್ನು ನಾವಾಗಿ ತರಿಸಿಕೊಳ್ಳುವ ದಾರಿ 1980ರ ದಶಕದ ಮಧ್ಯದಲ್ಲೇ ಮುಚ್ಚಿದೆ. ಅದಕ್ಕೇ ಹಳೇ ಕಾಲದ ವಿದೇಶಿ ಕೋವಿಗಳಿಗೆ ಇವತ್ತು ಬಾಯಿಗೆ ಬಂದ ರೇಟು ಹೇಳುತ್ತಾರೆ.

ಆ ಸಾಮಾನ್ಯ ಲೈಸನ್ಸೂ ಸುಲಭಕ್ಕೆ ಸಿಗುವುದಿಲ್ಲ. ಡಿಸಿ ಆಫೀಸಿಗೆ ಅರ್ಜಿ ಹಾಕಬೇಕು, ಪೊಲೀಸ್ ವೆರಿಫಿಕೇಶನ್ ಆಗಬೇಕು, ಕೋವಿಯನ್ನು ಜೋಪಾನವಾಗಿ ಹಿಡಿಯೋಕೆ ಬರುತ್ತದೆ ಅಂತ ತರಬೇತಿಯ ಸರ್ಟಿಫಿಕೇಟ್ ಬೇಕು, ಮತ್ತೆ ಯಾಕೆ ಬೇಕು ಅನ್ನೋದಕ್ಕೆ ಒಪ್ಪುವಂಥ ಕಾರಣ ಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರು 2 ಕೋವಿಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ, ಮೊದಲು 3 ಇತ್ತು. ಲೈಸನ್ಸ್ ಅವಧಿ ಮಾತ್ರ 3 ವರ್ಷದಿಂದ 5 ವರ್ಷಕ್ಕೆ ಏರಿತು, ಅದೊಂದು ನೆಮ್ಮದಿ. ಚುನಾವಣೆ ಬಂತು ಅಂದರೆ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸ್ಟೇಷನ್ನಿಗೆ ಹೋಗಿ ಡೆಪಾಸಿಟ್ ಮಾಡಿ, ಮುಗಿದ ಮೇಲೆ ಮತ್ತೆ ಹೋಗಿ ಬಿಡಿಸಿಕೊಂಡು ಬರಬೇಕು. ನಮ್ಮ ಕಡೆ ಗ್ರಾಮ ಪಂಚಾಯಿತಿಯಿಂದ ಲೋಕಸಭೆವರೆಗೆ ಯಾವುದಾದರೂ ಒಂದು ಎಲೆಕ್ಷನ್ ಬರ್ತಾನೇ ಇರುತ್ತೆ ಅಲ್ವಾ, ಕಾಡುಹಂದಿಗೆ ಮಾತ್ರ ನೀತಿಸಂಹಿತೆ ಅನ್ವಯ ಆಗುವುದಿಲ್ಲ. "ಕೊಡಗಿನವರಿಗೆ ಲೈಸನ್ಸೇ ಬೇಡವಂತಲ್ಲ" ಅನ್ನುವವರಿಗೆ ಒಂದು ಮಾತು. ಆ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಇರುವುದು, 2019ರಲ್ಲಿ ಅದನ್ನು ಮತ್ತೆ 10 ವರ್ಷಕ್ಕೆ ಮುಂದುವರಿಸಿದ್ದಾರೆ. ತುಮಕೂರಿನವರಿಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದರೆ ಕಡಿಮೆ ದುಡ್ಡಲ್ಲಿ, ಲೈಸನ್ಸ್ ತಲೆನೋವಿಲ್ಲದೆ, ಗುರಿ ಕಲಿಯೋಕೆ ಉಳಿದಿರೋದು ಏರ್ ರೈಫಲ್. ಇದಕ್ಕೂ ಮಿತಿ ಇದೆ. ನಳಿಗೆಯ ಅಳತೆ .177 ಇಂಚು, ಅಂದರೆ 4.5 ಮಿಲಿಮೀಟರ್ ಮೀರಬಾರದು. ಪೆಲೆಟ್ ಹೊರಬರುವಾಗಿನ ಶಕ್ತಿ 20 ಜೂಲ್ ಮೀರಬಾರದು. ಈ ಎರಡರೊಳಗೆ ಇದ್ದರೆ ಲೈಸನ್ಸ್ ಬೇಡ. .22 ಏರ್ ರೈಫಲ್ "ಪವರ್ ಜಾಸ್ತಿ ಸಾರ್" ಅಂತ ಯಾರಾದರೂ ಮಾರೋಕೆ ಬಂದರೆ ಕೈಮುಗಿದು ಕಳಿಸಿ.

ಜಾಹೀರಾತಲ್ಲಿ ದೊಡ್ಡದಾಗಿ ಬರೆದಿರುವ "1000 ಎಫ್‌ಪಿಎಸ್" ಅನ್ನೋದನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಹೊಡೆಯುವ ಸೀಸದ ಪೆಲೆಟ್ ತೂಕ 0.53 ಗ್ರಾಂ. ಅದು ನಿಜವಾಗಲೂ ಸೆಕೆಂಡಿಗೆ 1000 ಅಡಿ, ಅಂದರೆ 305 ಮೀಟರ್ ವೇಗದಲ್ಲಿ ಹೋದರೆ ಶಕ್ತಿ 24 ಜೂಲ್ ದಾಟುತ್ತದೆ. ಒಂದೋ ಆ ಗನ್ನು ಮಿತಿ ಮೀರಿದೆ, ಇಲ್ಲ ಹಗುರವಾದ ಬೇರೆ ಲೋಹದ ಪೆಲೆಟ್ ಹಾಕಿ ಅಳೆದು ಬರೆದಿದ್ದಾರೆ. ಬಹುತೇಕ ಎರಡನೆಯದೇ. ಇನ್ನೊಂದು ಕಡೆ, ಒಲಿಂಪಿಕ್ಸಿನ 10 ಮೀಟರ್ ಸ್ಪರ್ಧೆಯ ರೈಫಲ್‌ಗಳು ಲಕ್ಷಗಟ್ಟಲೆ ಬೆಲೆ ಬಾಳುತ್ತವೆ, ಅವುಗಳ ಶಕ್ತಿ ಬರೀ 7.5 ಜೂಲ್ ಆಸುಪಾಸು, ವೇಗ ಸೆಕೆಂಡಿಗೆ 170 ಮೀಟರ್ ಸುಮಾರು. ಪವರ್ ಬೇರೆ, ಗುರಿ ಬೇರೆ. ಅಂಗಡಿಯವರು ಮಾರೋದು ಮೊದಲನೆಯದನ್ನು, ನಿಮಗೆ ಬೇಕಿರೋದು ಎರಡನೆಯದು.

ಈಗ ಗನ್ನಿನ ವಿಷಯಕ್ಕೆ ಬರೋಣ. ನನ್ನದು ಬ್ರೇಕ್ ಬ್ಯಾರಲ್. ನಳಿಗೆಯನ್ನು ಕೆಳಕ್ಕೆ ಮಡಚಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ, ನಳಿಗೆಯ ಹಿಂದಿನ ತೂತಿಗೆ ಒಂದು ಪೆಲೆಟ್ ಇಟ್ಟು ವಾಪಸ್ ಮುಚ್ಚಬೇಕು, ಹೊಡೆಯಬೇಕು, ಮತ್ತೆ ಮಡಚಬೇಕು. ಪ್ರತಿ ಏಟಿಗೂ ಇಷ್ಟು ಕೆಲಸ. ಸೆಮಿ ಆಟೋಮ್ಯಾಟಿಕ್‌ಗೆ ಪೂರ್ತಿ ಉಲ್ಟಾ. ತೂಕ 3 ಕೆಜಿ ಹತ್ತಿರ. ಮಡಚೋಕೆ ಕೈಬಲ ಬೇಕು, ಮೊದಲ ವಾರ ಬಲ ರಟ್ಟೆ ನೋಯುವುದು ಖಂಡಿತ.

ಕೊಳ್ಳುವಾಗ ಆಧಾರ್ ಜೆರಾಕ್ಸ್, ಫೋಟೋ ಕೇಳಿದರು, ವಯಸ್ಸು 18 ಆಗಿದೆಯಾ ನೋಡಿದರು. ಕೇಳದೇ ಕೊಡುವ ಅಂಗಡಿ ಇದ್ದರೆ ಅದು ಒಳ್ಳೇದು ಅಂದುಕೊಳ್ಳಬೇಡಿ, ಬಿಲ್ಲೂ ಸರಿಯಾಗಿ ಕೊಡೋದಿಲ್ಲ ಅಂಥವರು. ಬಿಲ್ ಇಲ್ಲದ ಏರ್ ಗನ್ ಬೈಕ್ ಹಿಂದೆ ಕಟ್ಟಿಕೊಂಡು ಕ್ಯಾತ್ಸಂದ್ರ ಚೆಕ್‌ಪೋಸ್ಟಲ್ಲಿ ಸಿಕ್ಕಿಬಿದ್ದರೆ, ಇದಕ್ಕೆ ಲೈಸನ್ಸ್ ಬೇಡ ಸಾರ್ ಅಂತ ಪಾಠ ಮಾಡೋಕೆ ಅರ್ಧ ದಿನ ಹೋಗುತ್ತದೆ. ಬಿಲ್ಲು ಮತ್ತು 20 ಜೂಲಿನೊಳಗೆ ಅಂತ ಬರೆದಿರುವ ಕಂಪನಿ ಕಾಗದ, ಎರಡರ ಜೆರಾಕ್ಸನ್ನೂ ಗನ್ನಿನ ಬ್ಯಾಗಲ್ಲೇ ಇಟ್ಟಿರಿ.

ಅಂದಹಾಗೆ ಮೊದಲು ನಾನು ಆರ್ಡರ್ ಮಾಡಿದ್ದು ಆನ್‌ಲೈನಲ್ಲಿ, ಹೆಸರು ಬೇಡ. ಬಂದ ಡಬ್ಬ ಒಂದು ಮೂಲೆ ಜಜ್ಜಿಹೋಗಿತ್ತು. ಒಳಗೆ ಮರದ ಸ್ಟಾಕ್, ಅಂದರೆ ಭುಜಕ್ಕೆ ಕೊಟ್ಟು ಹಿಡಿಯುವ ಭಾಗ, ಟ್ರಿಗರ್ ಹಿಂದೆ ಸಣ್ಣಗೆ ಸೀಳಿತ್ತು, ಉಗುರು ಹಾಕಿದರೆ ಗೊತ್ತಾಗುವಷ್ಟು. ಅವರು "ಕೊರಿಯರ್ ತಪ್ಪು" ಅಂದರು, ಕೊರಿಯರ್‌ನವರು "ಪ್ಯಾಕಿಂಗ್ ತಪ್ಪು" ಅಂದರು. ಫೋಟೋ ಕಳಿಸಿ, ಫೋನ್ ಮಾಡಿ, ಮತ್ತೆ ಫೋಟೋ ಕಳಿಸಿ ಕೊನೆಗೆ ದುಡ್ಡು ವಾಪಸ್ ಬಂತು, ಕೊರಿಯರ್ ಚಾರ್ಜ್ ಬಿಟ್ಟು. ಆಮೇಲೆ ಬೆಂಗಳೂರಿಗೆ ಹೋಗಿ ಕೈಯಲ್ಲಿ ಹಿಡಿದು, ಭುಜಕ್ಕೆ ಕೊಟ್ಟು ನೋಡಿ ತಂದೆ. ತುಮಕೂರಿಂದ ಬೆಂಗಳೂರಿಗೆ 70 ಕಿಲೋಮೀಟರ್. ಆ ಬಸ್ ಚಾರ್ಜಿಗೆ ಹಿಂದೆಮುಂದೆ ನೋಡಬೇಡಿ. ಕೈಯಲ್ಲಿ ಹಿಡಿದಾಗ ನೋಡಬೇಕಾದ್ದು ಇಷ್ಟು: ನಳಿಗೆ ಮುಚ್ಚಿದ ಮೇಲೆ ಅದನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಸ್ವಲ್ಪ ಆಟ ಇದ್ದರೂ ಬೇಡ ಅನ್ನಿ. ಅಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದರೆ 10 ಮೀಟರ್ ದೂರದಲ್ಲಿ ಪೆಲೆಟ್ ಎಲ್ಲೆಲ್ಲೋ ಬೀಳುತ್ತದೆ.

ಮೊದಮೊದಲು ಹೊಡೆದಾಗ ನಳಿಗೆಯಿಂದ ಹೊಗೆ ಬಂತು, ಸದ್ದೂ ಜೋರು, ಹಪ್ಪಳ ಕರಿದ ಎಣ್ಣೆಯಂಥ ವಾಸನೆ. ಹೆದರಬೇಡಿ. ಫ್ಯಾಕ್ಟರಿಯಲ್ಲಿ ಬಳಿದ ಎಣ್ಣೆ ಒಳಗಿನ ಗಾಳಿಯ ಒತ್ತಡಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುವುದರಿಂದ ಹಾಗೆ ಆಗುತ್ತದೆ, ಡೀಸಲ್ ಎಂಜಿನ್ ಕೆಲಸ ಮಾಡುವುದೂ ಹಾಗೇ. ಒಂದು ಡಬ್ಬಿ ಪೆಲೆಟ್ ಮುಗಿಯುವ ಹೊತ್ತಿಗೆ ನಿಲ್ಲುತ್ತದೆ. ನಿಲ್ಲದಿದ್ದರೆ ಯಾರೋ ಜಾಸ್ತಿ ಎಣ್ಣೆ ಸುರಿದಿದ್ದಾರೆ ಅಂತ ಅರ್ಥ. ನಮ್ಮಲ್ಲಿ ಏನೇ ಮಷಿನ್ ಕಂಡರೂ ಎಣ್ಣೆ ಬಿಡುವ ಅಭ್ಯಾಸ ಇದೆ, ಹೊಲಿಗೆ ಮಷಿನ್ ಎಣ್ಣೆಯನ್ನು ಗಾಳಿ ತೂತಿಗೆ ಬಿಟ್ಟು ಒಳಗಿನ ಸೀಲ್ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಸ್ಪ್ರಿಂಗ್ ಗನ್ನಿನ ದೊಡ್ಡ ತಕರಾರು ಅದರ ಒದೆತ. ಟ್ರಿಗರ್ ಬಿಟ್ಟ ಕ್ಷಣ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಗನ್ನು ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಜಗ್ಗುತ್ತದೆ. ಇದೆಲ್ಲ ಆಗುವಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ಅದಕ್ಕೇ ಬಿಗಿಯಾಗಿ ಹಿಡಿದಷ್ಟೂ ಗುರಿ ಕೆಡುತ್ತದೆ. ಎಡ ಅಂಗೈ ಚಾಚಿ ಅದರ ಮೇಲೆ ಗನ್ನನ್ನು ಸುಮ್ನೆ ಕೂರಿಸಬೇಕು, ಬೆರಳು ಸುತ್ತಬಾರದು, ಭುಜಕ್ಕೂ ಒತ್ತಿ ಹಿಡಿಯಬಾರದು. ಅದು ಪ್ರತಿ ಸಲವೂ ಒಂದೇ ಥರ ಕುಣಿಯಲಿ ಅಂತ ಬಿಡಬೇಕು. ಹೀಗೆ ಹಿಡಿಯೋದು ರೂಢಿಯಾಗುವವರೆಗೆ ಗನ್ನನ್ನು ಬಯ್ಯಬೇಡಿ. ರೂಢಿಯಾದ ಮೇಲೆ 10 ಮೀಟರ್‌ನಲ್ಲಿ ಐದು ಏಟು ಒಂದು ರೂಪಾಯಿ ನಾಣ್ಯದೊಳಗೆ ಕೂರುತ್ತವೆ, ಈ ಬೆಲೆಗೆ ಅದು ಸಾಕೋ ಸಾಕು.

ಟ್ರಿಗರ್ ಬಗ್ಗೆ ಅಷ್ಟು ಖುಷಿಯಿಲ್ಲ. ಈ ರೇಟಿನ ಗನ್ನುಗಳಲ್ಲಿ ಟ್ರಿಗರ್ ಗಡಸು, ಎಳೀತಾ ಎಳೀತಾ ಎಲ್ಲಿ ಬಿಡುತ್ತದೆ ಅಂತ ಗೊತ್ತೇ ಆಗೋದಿಲ್ಲ. ಎರಡು ಹಂತದ, ಸ್ಕ್ರೂ ತಿರುಗಿಸಿ ಸರಿ ಮಾಡಿಕೊಳ್ಳುವ ಟ್ರಿಗರ್ ಇರುವ ಮಾಡೆಲ್ ಎರಡು ಮೂರು ಸಾವಿರ ಜಾಸ್ತಿ ಇದ್ದರೂ ಅದನ್ನೇ ತಗೊಳ್ಳಿ. ಕೊಡುವ ದುಡ್ಡಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಯಾವುದರಲ್ಲೂ ಇಲ್ಲ. ಸ್ಕೋಪಲ್ಲಂತೂ (ಗುರಿ ನೋಡೋಕೆ ಗನ್ನಿನ ಮೇಲೆ ಕೂರಿಸುವ ದುರ್ಬೀನು) ಇಲ್ಲವೇ ಇಲ್ಲ. ಕಾಂಬೋ ಅಂತ ಗನ್ನಿನ ಜೊತೆ ಕೊಡುವ ಅಗ್ಗದ ಸ್ಕೋಪ್ ಸ್ಪ್ರಿಂಗ್ ಗನ್ನಿನ ಆ ಹಿಂದೆಮುಂದೆ ಒದೆತಕ್ಕೆ ಒಳಗೇ ಸಡಿಲವಾಗುತ್ತದೆ. ಗುಂಡಿನ ರೈಫಲ್ ಹಿಂದಕ್ಕೆ ಮಾತ್ರ ಒದೆಯುತ್ತದೆ, ಹಾಗಾಗಿ ಅದಕ್ಕೆ ಮಾಡಿದ ಒಳ್ಳೆ ಸ್ಕೋಪ್ ಕೂಡ ಇಲ್ಲಿ ಬಾಳದೇ ಇರಬಹುದು. ಗುರಿ ಹಿಡಿಯೋಕೆ ಗನ್ನಿನ ಮೇಲೆಯೇ ಇರುವ ಹಿಂದಿನ ಸೀಳು, ಮುಂದಿನ ಕಡ್ಡಿಯಲ್ಲೇ ಕಲಿಯಿರಿ. ಕಣ್ಣಿಗೂ ಅಭ್ಯಾಸ ಆಗುತ್ತದೆ.

ಪೆಲೆಟ್ ವಿಷಯದಲ್ಲಿ ಜಿಪುಣತನ ಬೇಡ. ಮುಂದೆ ಚಪ್ಪಟೆ ಇರುವ ಪೆಲೆಟ್ ಕಾಗದದ ಟಾರ್ಗೆಟ್ಟಿಗೆ ಒಳ್ಳೇದು, ಪಂಚಿಂಗ್ ಮಷಿನ್ ಒತ್ತಿದ ಹಾಗೆ ದುಂಡಗೆ ತೂತು ಬೀಳುತ್ತದೆ, ಎಲ್ಲಿ ಬಿತ್ತು ಅಂತ ಜಗಳವಿಲ್ಲ. ಅಗ್ಗದ ಡಬ್ಬಿಯಲ್ಲಿ ಅರ್ಧಕ್ಕರ್ಧ ಪೆಲೆಟ್‌ಗಳ ಲಂಗ, ಅಂದರೆ ಹಿಂದಿನ ಅಗಲವಾದ ಅಂಚು, ಸೊಟ್ಟಗಿರುತ್ತದೆ. ಒಂದೊಂದೇ ಬೆರಳಲ್ಲಿ ಉರುಳಿಸಿ ನೋಡಿ ಹಾಕಬೇಕು, ಸೊಟ್ಟಗಿರೋದನ್ನು ಪಕ್ಕಕ್ಕಿಡಬೇಕು. ತಲೆಯ ಅಳತೆ 4.49, 4.50, 4.51 ಅಂತ ಬರುತ್ತದೆ. ನೂರರಲ್ಲಿ ಒಂದು ಭಾಗ ಮಿಲಿಮೀಟರ್ ವ್ಯತ್ಯಾಸ ಏನು ಮಹಾ ಅನ್ನಿಸಬಹುದು, ಆದರೆ ಒಂದೊಂದು ನಳಿಗೆಗೆ ಒಂದೊಂದು ಹಿಡಿಸುತ್ತದೆ. ಬೇರೆ ಬೇರೆ ಕಂಪನಿಯ ಸಣ್ಣ ಡಬ್ಬಿಗಳನ್ನು ತಂದು ಹೊಡೆದು ನೋಡಿ, ಯಾವುದು ಒಂದೇ ಕಡೆ ಗುಂಪಾಗಿ ಬೀಳುತ್ತದೋ ಅದನ್ನೇ ಹಿಡಿದುಕೊಳ್ಳಿ. ಇನ್ನೊಂದು, ಪೆಲೆಟ್ ಸೀಸದ್ದು. ಮುಟ್ಟಿದ ಕೈಯಲ್ಲೇ ತಟ್ಟೆ ಇಡ್ಲಿ ಮುರಿಯಬೇಡಿ, ಸೋಪು ಹಾಕಿ ತೊಳೆದುಕೊಳ್ಳಿ. ಪೆಲೆಟ್ಟನ್ನು ಬಾಯಲ್ಲಿ ಕಚ್ಚಿಕೊಂಡು ನಿಲ್ಲುವ ಮಹಾನುಭಾವರೂ ಇದ್ದಾರೆ.

"ಆದರೂ ಪಟಪಟ ಅಂತ ಹೊಡೆಯೋದು ಬೇಕು" ಅನ್ನುವವರಿಗೆ ಸಿಒಟು, ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಗನ್ನುಗಳಿವೆ. 12 ಗ್ರಾಂ ಗ್ಯಾಸಿನ ಪುಟ್ಟ ಸಿಲಿಂಡರ್ ಹಾಕಿದರೆ ಮ್ಯಾಗಜಿನ್ ಖಾಲಿಯಾಗುವವರೆಗೆ ಟ್ರಿಗರ್ ಎಳೀತಾ ಇರಬಹುದು. ಪಿಸ್ತೂಲುಗಳೇ ಜಾಸ್ತಿ, ರೈಫಲ್ ರೂಪದವು ಕಡಿಮೆ. ಗೆಳೆಯನದ್ದನ್ನು ಹೊಡೆದು ನೋಡಿದ್ದೇನೆ, ಮಜಾ ಇದೆ, ಸುಳ್ಳು ಹೇಳೋದಿಲ್ಲ. ಆದರೆ ಒಂದು ಸಿಲಿಂಡರ್ 50 ಏಟಿನ ಆಸುಪಾಸಿಗೆ ಮುಗಿಯುತ್ತದೆ. ಅದೂ ಬೇಗ ಬೇಗ ಹೊಡೆದರೆ ಗ್ಯಾಸ್ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಐದನೇ ಏಟು ಬಿದ್ದ ಕಡೆ ಹದಿನೈದನೇದು ಬೀಳೋದಿಲ್ಲ. ಈ ಗ್ಯಾಸಿನ ಒತ್ತಡ 20 ಡಿಗ್ರಿಯಲ್ಲಿ 57 ಬಾರ್ ಸುಮಾರು, ಬಿಸಿಲು ಏರಿದಂತೆ ಅದೂ ಏರುತ್ತದೆ. ಅಂದರೆ ದೇವರಾಯನದುರ್ಗದ ತಪ್ಪಲಲ್ಲಿ ಡಿಸೆಂಬರ್ ಬೆಳಗ್ಗೆ ಒಂದು ಗುರಿ, ಪಾವಗಡದ ಏಪ್ರಿಲ್ ಮಧ್ಯಾಹ್ನ ಇನ್ನೊಂದು ಗುರಿ. ಇವುಗಳಲ್ಲಿ ಹೆಚ್ಚಿನವು ಉಕ್ಕಿನ ಪುಟ್ಟ ಗೋಲಿ ಹೊಡೆಯುತ್ತವೆ, ಅದು ಗಟ್ಟಿ ಜಾಗಕ್ಕೆ ಬಡಿದರೆ ಪುಟಿದು ನೇರ ನಿಮ್ಮ ಮುಖಕ್ಕೇ ಬರುತ್ತದೆ. ಕನ್ನಡಕ ಹಾಕದೆ ಮುಟ್ಟಬೇಡಿ. ಖರ್ಚಿನ ಲೆಕ್ಕದಲ್ಲಿ ಹೇಳುವುದಾದರೆ ಗನ್ನು ಅಗ್ಗ, ಅದರ ಹೊಟ್ಟೆ ದೊಡ್ಡದು.

ಇನ್ನು ಪಿಸಿಪಿ, ಅಂದರೆ ಮೊದಲೇ ಗಾಳಿ ತುಂಬಿಟ್ಟುಕೊಂಡು ಹೊಡೆಯುವ ಗನ್ನು. ಗನ್ನಿನ ಒಳಗೇ ಗಾಳಿಯ ಟ್ಯಾಂಕ್, 200 ಬಾರ್‌ವರೆಗೆ ತುಂಬಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಒದೆತವೇ ಇಲ್ಲ, ಗುರಿ ಅದ್ಭುತ, ಮ್ಯಾಗಜಿನ್ ಇರುವವೂ ಸಿಗುತ್ತವೆ. ಹೊರದೇಶದಲ್ಲಿ ಪೂರ್ತಿ ಸೆಮಿ ಆಟೋಮ್ಯಾಟಿಕ್ ಪಿಸಿಪಿಗಳೂ ಇವೆ, ಟರ್ಕಿಯ ಹತ್ಸಾನ್ ಅಂಥದ್ದೊಂದನ್ನು ಬುಲ್‌ಮಾಸ್ಟರ್ ಅಂತ ಮಾಡುತ್ತದೆ. ಆದರೆ ಲಿಮಿಟೆಡ್ ಬಜೆಟ್ ಅಂತ ಶುರು ಮಾಡಿದವರು ಇಲ್ಲಿಗೆ ಬಂದು ನಿಲ್ಲಲೇಬಾರದು. ಗನ್ನಿನ ಬೆಲೆ ಒಂದು ಕಡೆ, ಗಾಳಿ ತುಂಬುವ ಪಂಪಿನ ಬೆಲೆ ಇನ್ನೊಂದು ಕಡೆ. "ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಿಸಬಹುದಾ ಅಣ್ಣಾ" ಅಂತ ಸಿರಾದ ಹುಡುಗನೊಬ್ಬ ಕೇಳಿದ. ಆಗಲ್ಲಪ್ಪಾ. ಕಾರಿನ ಟೈರಿಗೆ ಬೇಕಾಗೋದು ಎರಡು ಚಿಲ್ಲರೆ ಬಾರ್, ಆ ಅಂಗಡಿಯ ಕಂಪ್ರೆಸರ್ ತುಂಬಾ ಅಂದರೆ ಹತ್ತೋ ಹನ್ನೆರಡೋ ಬಾರ್ ಕೊಡುತ್ತದೆ. 200 ಬಾರ್ ಅಂದರೆ ಆಟ ಅಲ್ಲ. ಕೈಪಂಪಲ್ಲಿ ತುಂಬೋಕೆ ಹೋದರೆ ಬೆವರು ಕಿತ್ತುಬರುತ್ತದೆ, ಮೇಲಾಗಿ ಒದ್ದೆ ಗಾಳಿ ಒಳಗೆ ಹೋಗಿ ಟ್ಯಾಂಕ್ ತುಕ್ಕು ಹಿಡಿಯದಂತೆ ಫಿಲ್ಟರ್ ಬೇರೆ ನೋಡಿಕೊಳ್ಳಬೇಕು.

ಯಾವ ಕಂಪನಿ ಅಂತ ಕೇಳುವವರಿಗೆ: ದೇಸಿ ಗನ್ನುಗಳಲ್ಲಿ ಠಾಣೆ ಕಡೆಯ ಪ್ರೆಸಿಹೋಲ್‌ನವರದ್ದನ್ನು ಮೊದಲು ನೋಡಿ. ಅವರ ಬಳಗದ ಮೂಲ ಕಸುಬು ಲೋಹದಲ್ಲಿ ಆಳವಾಗಿ, ನೇರವಾಗಿ ತೂತು ಕೊರೆಯುವ ಮಷಿನ್ ಮಾಡೋದು, ನಳಿಗೆ ಕೊರೆಯೋದೂ ಅದೇ ಕೆಲಸ ತಾನೆ. ಜರ್ಮನಿಯ ಡಯಾನಾ, ಸ್ಪೇನಿನ ಗಾಮೊ ಕೂಡ ಒಳ್ಳೇವೇ, ಆದರೆ ಇಲ್ಲಿಗೆ ಬರುವ ಹೊತ್ತಿಗೆ ರೇಟು ಎಲ್ಲೋ ಹೋಗಿರುತ್ತದೆ. ಸ್ಪ್ರಿಂಗ್ ಮುರಿದರೆ, ಸೀಲ್ ಹೋದರೆ ಪಾರ್ಟ್ಸ್ ಸಿಗುತ್ತದಾ ಅನ್ನೋದೇ ಬಜೆಟ್ ಗನ್ನಿನ ಮೊದಲ ಪ್ರಶ್ನೆ ಆಗಬೇಕು. ನಮ್ಮೂರಲ್ಲಿ ಇದನ್ನು ರಿಪೇರಿ ಮಾಡುವವರು ಇಲ್ಲ ಅಂತಲೇ ಲೆಕ್ಕ, ಬಿಚ್ಚೋಕೆ ಹೋಗಬೇಡಿ. ಒಳಗಿನ ಸ್ಪ್ರಿಂಗ್ ಒತ್ತಡದಲ್ಲಿ ಕೂತಿರುತ್ತದೆ, ಸರಿಯಾದ ಕ್ಲ್ಯಾಂಪ್ ಇಲ್ಲದೆ ಬಿಚ್ಚಿದರೆ ಮುಖಕ್ಕೆ ಹಾರುತ್ತದೆ. ಪೆಲೆಟ್ ಇಲ್ಲದೆ ಖಾಲಿ ಹೊಡೆಯೋದನ್ನೂ ಬಿಡಿ. ಮುಂದೆ ತಡೆಯೇ ಇಲ್ಲದೆ ಪಿಸ್ಟನ್ ಹೋಗಿ ಬಡಿಯುತ್ತದೆ, ನೆಂಟರ ಮಕ್ಕಳು ಬಂದಾಗ ಅತಿ ಹೆಚ್ಚು ನಡೆಯುವ ಅನಾಹುತ ಇದೇ. ನಳಿಗೆ ಮಡಚಿ ಪೆಲೆಟ್ ಹಾಕುವಾಗ ಇನ್ನೊಂದು ಕೈಯಲ್ಲಿ ನಳಿಗೆ ಹಿಡಿದೇ ಇರಬೇಕು. ಟ್ರಿಗರ್ ಜಾರಿ ಅದು ಪಟ್ಟನೆ ಮುಚ್ಚಿಕೊಂಡರೆ ಬೆರಳು ಹೋಯಿತು.

ಎಲ್ಲಿ ಹೊಡೆಯೋದು ಅನ್ನೋದಕ್ಕೆ ತುಮಕೂರಿನವರಿಗೆ ಒಂದು ಅನುಕೂಲ ಇದೆ. ತೆಂಗಿನ ತೋಟದಲ್ಲಿ ಮರದಿಂದ ಮರಕ್ಕೆ 30 ಅಡಿ ಬಿಟ್ಟು ನೆಟ್ಟಿರುತ್ತಾರೆ. 10 ಮೀಟರ್ ಅಂದರೆ 33 ಅಡಿಗೆ ಸ್ವಲ್ಪ ಕಡಿಮೆ. ಒಂದು ಮರಕ್ಕಿಂತ ಎರಡು ಹೆಜ್ಜೆ ಹಿಂದೆ ನಿಂತರೆ ಎದುರು ಮರದ ಹತ್ತಿರ ಟಾರ್ಗೆಟ್, ಟೇಪ್ ಹಿಡಿಯೋದೇ ಬೇಡ. ಮರಕ್ಕೇ ಹೊಡೆಯಬೇಡಿ ಮತ್ತೆ, ಅದರ ಮುಂದೆ ತಡೆ ಇಡಿ. ನಾನು ಮಣ್ಣು ತುಂಬಿದ ಗೊಬ್ಬರದ ಚೀಲಗಳನ್ನು ಪೇರಿಸಿ, ಮುಂದೆ ಹಳೇ ಕಂಬಳಿ ಇಳಿಬಿಟ್ಟಿದ್ದೇನೆ. ಕಂಬಳಿಗೆ ವೇಗ ಇಳಿಯುತ್ತದೆ, ಮಣ್ಣು ನುಂಗುತ್ತದೆ. ಕಲ್ಲು ಚಪ್ಪಡಿ, ತಗಡು, ನೀರಿನ ಡ್ರಮ್ಮಿನ ಮುಂದೆ ಮಾತ್ರ ಬೇಡ. ಸೀಸದ ಪೆಲೆಟ್ಟೂ ವಾಪಸ್ ಬರುತ್ತದೆ. ಹಿಂದೆ ದಾರಿ ಇರಬಾರದು, ತೆಂಗಿನಕಾಯಿ ಕೀಳುವವರು ಆ ದಿನ ತೋಟಕ್ಕೆ ಬಂದಿರಬಾರದು. ಪಕ್ಕದ ತೋಟದ ಅಜ್ಜನಿಗೆ ಮೊದಲೇ ಒಂದು ಮಾತು ಹೇಳಿ ಬನ್ನಿ, ಇಲ್ಲದಿದ್ದರೆ ಸಾಯಂಕಾಲದೊಳಗೆ "ಅವನು ಕೋವಿ ಇಟ್ಟವ್ನೆ" ಅಂತ ಊರೆಲ್ಲ ಸುದ್ದಿ.

ಕೋತಿ, ನವಿಲು, ಹಂದಿ ಅಂತ ಇದನ್ನು ತಗೊಳ್ಳುವವರಿಗೆ ಮುಲಾಜಿಲ್ಲದೆ ಹೇಳುತ್ತೇನೆ, ಬೇಡ. ಹಂದಿಗೆ ಈ ಪೆಲೆಟ್ ಸೊಳ್ಳೆ ಕಡಿತ, ಸಾಯೋದಿಲ್ಲ, ರೊಚ್ಚಿಗೇಳುತ್ತದೆ. ನವಿಲಿಗೆ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೇಸು, ಜೈಲು. ಏರ್ ಗನ್ನಿಗೆ ಲೈಸನ್ಸ್ ಬೇಡ ಅಂದ ಮಾತ್ರಕ್ಕೆ ಬೇಟೆಗೆ ಲೈಸನ್ಸ್ ಸಿಕ್ಕಂತಲ್ಲ. ಅರುಣಾಚಲ ಪ್ರದೇಶದಲ್ಲಿ ಈ ಏರ್ ಗನ್ನುಗಳಿಂದ ಹಕ್ಕಿಗಳು ಖಾಲಿಯಾಗುತ್ತಿವೆ ಅಂತ 2021ರಲ್ಲಿ ಜನರಿಂದ ಗನ್ನು ವಾಪಸ್ ಪಡೆಯುವ ಅಭಿಯಾನವನ್ನೇ ಶುರು ಮಾಡಿದರು. ನಮ್ಮ ಕಡೆಯೂ ಕೆರೆ ಏರಿ ಮೇಲೆ ಕೊಕ್ಕರೆಗೆ ಗುರಿ ಇಡುವ ಶೂರರು ಇದ್ದಾರೆ, ಅವರಿಂದಲೇ ಒಂದು ದಿನ ಎಲ್ಲರ ಏರ್ ಗನ್ನಿಗೂ ಲೈಸನ್ಸ್ ಅಂತ ಬಂದರೆ ಆಶ್ಚರ್ಯವಿಲ್ಲ.

ನಮ್ಮ ಮನೆಯಲ್ಲಿ ಇದನ್ನು ಜಾಸ್ತಿ ಹೊಡೆಯೋದು ನಾನಲ್ಲ, ಅಕ್ಕನ ಮಗಳು. ಕಾಲೇಜಲ್ಲಿ ಎನ್‌ಸಿಸಿ ಸೇರಿದ್ದಳು, ಅಲ್ಲಿ .22 ಡೀಲಕ್ಸ್ ರೈಫಲ್ ಹೊಡೆಸಿದ್ದರು. ಅದೂ ಬೋಲ್ಟ್ ಆಕ್ಷನ್ನೇ, ಪ್ರತಿ ಗುಂಡಿಗೂ ಕೈಯಲ್ಲಿ ಎಳೆಯಬೇಕು. ಮೊದಲ ದಿನ ನನ್ನ ಗನ್ನು ಕೊಟ್ಟಾಗ "ಮಾವ, ಇದು ಒಂದೊಂದೇ ಹಾಕಿ ಹೊಡೆಯೋದಾ, ಬೋರು" ಅಂದಳು. ಈಗ ಅವಳೇ ಪೆಲೆಟ್ ಆರಿಸುತ್ತಾಳೆ, ಪ್ರತಿ ಏಟಿನ ಮಧ್ಯೆ ಗನ್ನು ಇಳಿಸಿ, ಉಸಿರು ಬಿಟ್ಟು, ಮತ್ತೆ ಏರಿಸುತ್ತಾಳೆ. ನಳಿಗೆ ಮಡಚೋಕೆ ಗನ್ನು ಭುಜದಿಂದ ಇಳಿಸಲೇಬೇಕಲ್ಲ, ಆ ಬಿಡುವಲ್ಲೇ ಹಿಂದಿನ ಏಟು ಯಾಕೆ ಎಡಕ್ಕೆ ಹೋಯಿತು ಅಂತ ಯೋಚನೆ ಬರೋದು. ಸೆಮಿ ಆಟೋಮ್ಯಾಟಿಕ್ ಕೈಗೆ ಸಿಕ್ಕಿದ್ದರೆ ಮೊದಲ ಡಬ್ಬಿ ಹತ್ತು ನಿಮಿಷಕ್ಕೆ ಖಾಲಿ, ಕಲಿತಿದ್ದು ಸೊನ್ನೆ.

ಸ್ಪರ್ಧೆಗಳೂ ಹೀಗೇ ನಡೆಯೋದು. 10 ಮೀಟರ್ ಏರ್ ರೈಫಲ್ಲಿನಲ್ಲಿ 60 ಏಟಿಗೆ 75 ನಿಮಿಷ ಕೊಡುತ್ತಾರೆ, ಅಂದರೆ ಒಂದು ಏಟಿಗೆ ಒಂದೂಕಾಲು ನಿಮಿಷ. ಟಾರ್ಗೆಟ್ಟಿನಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್, ಪೆನ್ನಲ್ಲಿ ಇಟ್ಟ ಚುಕ್ಕೆ ಅಷ್ಟೇ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದರಲ್ಲೇ, ಕೊನೆಯ ಏಟಿಗೆ 10.8 ಅಂಕ, ಫೈನಲ್ಲಿನಲ್ಲಿ ದಶಮಾಂಶದ ಲೆಕ್ಕ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ಲಿನಲ್ಲೂ .22 ಗುಂಡನ್ನು ಒಂದೊಂದಾಗಿ ಹಾಕಿಯೇ ಹೊಡೆಯೋದು. ಒಲಿಂಪಿಕ್ಸಿನ ರೈಫಲ್ ಸ್ಪರ್ಧೆ ಯಾವುದಕ್ಕೂ ಸೆಮಿ ಆಟೋಮ್ಯಾಟಿಕ್ ಬೇಕಿಲ್ಲ, ಅದು ಬರೋದು 25 ಮೀಟರ್ ಪಿಸ್ತೂಲಿನಲ್ಲಿ.

ಈ 15 ಸಾವಿರದ ಗನ್ನು ಹಿಡಿದು ಸ್ಪರ್ಧೆಗೆ ಹೋಗಬಹುದಾ? ಓಪನ್ ಸೈಟ್, ಅಂದರೆ ಬರೀ ಆ ಸೀಳು ಕಡ್ಡಿಯಲ್ಲೇ ಗುರಿ ಹಿಡಿಯುವ, ನಮ್ಮ ದೇಶದ ನಿಯಮದ ಒಂದು ವಿಭಾಗ ಇದೆ, ಶುರು ಮಾಡುವವರು ಅದರಲ್ಲಿ ಇಳಿಯುತ್ತಾರೆ. ಅಲ್ಲೂ ಒದೆತ ಇಲ್ಲದ ಗನ್ನುಗಳ ಎದುರು ಸ್ಪ್ರಿಂಗ್ ಗನ್ನು ಹಿಂದೆ ಬೀಳುತ್ತದೆ. ಮಗಳಿಗೋ ಮಗನಿಗೋ ನಿಜವಾಗಲೂ ಆಸಕ್ತಿ ಇದೆ ಅಂತ ಕಂಡರೆ ಇನ್ನೊಂದು ಗನ್ನು ಕೊಳ್ಳುವ ಮೊದಲು ಯಾವುದಾದರೂ ರೈಫಲ್ ಕ್ಲಬ್ಬಿಗೆ ಸೇರಿಸಿ, ಅಲ್ಲಿನ ಗನ್ನಲ್ಲೇ ಕೆಲವು ತಿಂಗಳು ಹೊಡೆಯಲಿ. ರಾಜ್ಯ ಮಟ್ಟಕ್ಕೆ ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್ ಬೆಂಗಳೂರಲ್ಲಿದೆ. ಮುಂದುವರಿಯುತ್ತಾರೆ ಅಂತ ಖಾತ್ರಿಯಾದ ಮೇಲೆ ಹಿರಿಯ ಶೂಟರ್‌ಗಳು ಮಾರುವ ಹಳೇ ಮ್ಯಾಚ್ ರೈಫಲ್ (ಸ್ಪರ್ಧೆಗೆಂದೇ ಮಾಡಿದ್ದು) ನೋಡಿ, ಹೊಸದಕ್ಕಿಂತ ಎಷ್ಟೋ ವಾಸಿ. ಅದರ ಗಾಳಿ ಸಿಲಿಂಡರಿಗೂ ಬಾಳಿಕೆಯ ತಾರೀಕು ಇರುತ್ತದೆ, ಸಿಲಿಂಡರ್ ಮೇಲೆ ಕೊರೆದ ವರ್ಷ ಓದದೆ ದುಡ್ಡು ಕೊಡಬೇಡಿ.

ರೇಟಿಂಗ್ ಕೇಳಿದರೆ ಐದಕ್ಕೆ ಮೂರೂವರೆ. ಅರ್ಧ ಟ್ರಿಗರಿಗೆ ಕಟ್, ಅರ್ಧ ಒದೆತಕ್ಕೆ, ಉಳಿದ ಅರ್ಧ ಡಬ್ಬದಲ್ಲಿ ಕೊಡುವ ಪೆಲೆಟ್ಟಿಗೆ, ಅದನ್ನು ಪ್ಯಾಕೆಟ್ ಸಮೇತ ಎಸೆಯಿರಿ. ಬಜೆಟ್ 15 ಸಾವಿರ ಇದ್ದರೆ ಅಷ್ಟನ್ನೂ ಗನ್ನಿಗೆ ಸುರಿಯಬೇಡಿ. 12 ಸಾವಿರ ಗನ್ನಿಗೆ, ಉಳಿದದ್ದರಲ್ಲಿ ಒಳ್ಳೆ ಪೆಲೆಟ್, ಕಣ್ಣಿಗೆ ಕನ್ನಡಕ, ಬೀಗ ಹಾಕುವಂಥ ಗನ್ ಬ್ಯಾಗ್. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಗನ್ನು ಒಂದು ಬೀರುವಲ್ಲಿ, ಪೆಲೆಟ್ ಇನ್ನೊಂದು ಬೀರುವಲ್ಲಿ, ಎರಡರ ಬೀಗದ ಕೈಯೂ ನಿಮ್ಮ ಹತ್ತಿರ.